ರೇಡಿಯೇಟರಿನ ಬಾಸಿ ನೀರು

ನನಗೆ ಸಿಟ್ಟು ಜಾಸ್ತಿ ಎಂದು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಮಾತು ಹೇಳಿದಾಗಲೆಲ್ಲ ಎದುರಿಗಿದ್ದವರು ಮುಖ ಆ ಕಡೆ ತಿರುಗಿಸಿ ನಗುತ್ತಾರೆ. ಅದರಿಂದ ಇನ್ನಷ್ಟು ಉರಿಯುತ್ತದೆ. ನಾನು ಕಾರಣವಿಲ್ಲದೆ ಸಿಟ್ಟು ಮಾಡಿಕೊಂಡವನಲ್ಲ. ನನ್ನ ಸಿಟ್ಟಿನ ಹಿಂದೆ ಪ್ರತಿ ಸಲವೂ ಒಬ್ಬ ಮನುಷ್ಯ, ಆತ ಮಾಡಿದ ಒಂದು ಮೂರ್ಖ ಕೆಲಸ, ಇವೆರಡೂ ಇದ್ದೇ ಇರುತ್ತವೆ. ಒದ್ದೆ ಕೊಡೆಯನ್ನು ಹಾಗೆಯೇ ಮಡಚಿ ಮೂಲೆಗಿಡುವವರು, ಚಹಾದ ಬಸಿಯನ್ನು ನನ್ನ ಕಾಗದಗಳ ಮೇಲೆಯೇ ಇಡುವವರು, "ಈಗ ಬಂದೆ" ಎಂದು ಹೇಳಿ ನಾಳೆ ಬರುವವರು, ಇವರೆಲ್ಲ ಸರಿಯಾಗಿದ್ದರೆ ನಾನೂ ದೇವರಂಥ ಮನುಷ್ಯನೇ. ಬಡವನ ಸಿಟ್ಟು ದವಡೆಗೆ ಮೂಲ ಎಂದು ನಮ್ಮ ತಾಯಿ ದಿನಕ್ಕೆ ಎರಡು ಸಲ ಹೇಳುತ್ತಿದ್ದಳು. ಆಕೆ ತೀರಿಕೊಂಡು ಎಷ್ಟೋ ವರ್ಷವಾಯಿತು, ನನ್ನ ದವಡೆ ಇನ್ನೂ ಗಟ್ಟಿಯಾಗಿದೆ. ಆದರೆ ಒಂದೇ ಒಂದು ಸಲ, ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ, ಸಿಟ್ಟಿನಿಂದ ನನಗೆ ನಷ್ಟವಾದದ್ದುಂಟು. ಅದನ್ನು ಹೇಳಿಬಿಡುತ್ತೇನೆ. ತಪ್ಪು ಯಾರದೆಂದು ನೀವೇ ತೀರ್ಮಾನಿಸಿ. ನನ್ನದೆಂದು ಮಾತ್ರ ಹೇಳಬೇಡಿ.

ಮೊದಲು ಕಾರಿನ ವಿಷಯ. ನಾನು ಬೀದರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಗುಮಾಸ್ತನಿಗೆ ಕಾರು ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನಮ್ಮಪ್ಪ ಮಿಶನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಅಲ್ಲಿದ್ದ ಪರದೇಶದ ಡಾಕ್ಟರು ವಯಸ್ಸಾಗಿ ತಮ್ಮ ಊರಿಗೆ ಹೊರಟಾಗ, ಹಡಗಿಗೆ ಹಾಕಿಕೊಂಡು ಹೋಗುವಷ್ಟು ಯೋಗ್ಯತೆ ತಮ್ಮ ಕಾರಿಗಿಲ್ಲವೆಂದು ಕಂಡುಕೊಂಡು, ಅದನ್ನು ಅಪ್ಪನಿಗೆ ಕೊಟ್ಟುಹೋದರು. ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ. ಪ್ರತಿ ಭಾನುವಾರ ಚರ್ಚು ಮುಗಿಸಿ ಬಂದು, ಕೋಟು ಬಿಚ್ಚದೆ ಅದರಲ್ಲಿ ಹದಿನೈದು ನಿಮಿಷ ಕುಳಿತು ಇಳಿಯುತ್ತಿದ್ದ. ಅವನ ನಂತರ ಕಾರು ನನ್ನ ಪಾಲಿಗೆ ಬಂತು. ಊರಿನವರ ಲೆಕ್ಕದಲ್ಲಿ ಮಾತ್ರ ಅದು ಕೊನೆಯತನಕ "ದವಾಖಾನಿ ಗಾಡಿ"ಯೇ. ದಾರಿಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ನಾನು ತಲೆ ಹೊರಗೆ ಹಾಕಿದರೆ ಎದುರಿನವನು ಬಾಯಿ ತೆರೆದು ನಾಲಿಗೆ ತೋರಿಸುತ್ತಿದ್ದ. "ನಾ ಡಾಕ್ಟರ್ ಅಲ್ಲ ಮಾರಾಯಾ" ಎಂದು ಕೂಗಿದರೆ, "ಇರ್ಲಿ ಬಿಡ್ರಿ, ನೋಡೇರ ನೋಡ್ರಿ, ಮೂರು ದಿನದಿಂದ ಬಿಳಿ ಆಗ್ಯಾದ" ಎನ್ನುತ್ತಿದ್ದ. ಹೀಗೆ ತಾಲೂಕಿನ ಅರ್ಧ ಜನರ ನಾಲಿಗೆಗಳನ್ನು ನಾನು ನೋಡಿದ್ದೇನೆ. ಇಷ್ಟಾದ ಮೇಲೂ ಮನುಷ್ಯನಿಗೆ ಸಿಟ್ಟು ಬರಬಾರದೆಂದರೆ ಹೇಗೆ?

ಇನ್ನು ರಾಜ್ಯದ ವಿಷಯ. ನಾನು ಕುರ್ಚಿಯಿಂದ ಎದ್ದಿರಲಿಲ್ಲ, ಊರು ಬಿಟ್ಟು ಕದಲಿರಲಿಲ್ಲ, ಆದರೂ ಒಂದು ಬೆಳಿಗ್ಗೆ ಹೈದರಾಬಾದ ರಾಜ್ಯದವನಾಗಿದ್ದ ನಾನು ಮೈಸೂರು ರಾಜ್ಯದವನಾಗಿದ್ದೆ. ಅದಕ್ಕೆ ನನ್ನ ತಕರಾರಿಲ್ಲ. ಮನೆಯಲ್ಲಿ ಮಾತಾಡುವುದು ಕನ್ನಡ, ಪ್ರಾರ್ಥನೆ ಮಾಡುವುದು ಕನ್ನಡ. ಉರ್ದುವಿನಲ್ಲಿ ಸಾಲೆ ಕಲಿತದ್ದರಿಂದ ಕನ್ನಡದಲ್ಲಿ ಫೈಲು ಬರೆಯುವುದೊಂದು ಕಷ್ಟವಾಗಿತ್ತು, ನಿಧಾನಕ್ಕೆ ಕಲಿತೆ. ತಕರಾರು ಇದ್ದದ್ದು ನನ್ನ ಹೆಂಡತಿ ಸುಗುಣಾಳ ಬಗ್ಗೆ. ಆಕೆ ಔರಾದಿನಲ್ಲಿ ಸಾಲೆಯ ಮಾಸ್ತರಿಣಿ. ಮದುವೆಯಾಗಿ ನಾಲ್ಕು ವರ್ಷ, ನಾಲ್ಕು ವರ್ಷವೂ ಆಕೆ ಔರಾದಿನಲ್ಲಿ, ನಾನು ಬೀದರಿನಲ್ಲಿ. ಗಡಿಯ ಊರಾದ್ದರಿಂದ ಆಕೆ ಮಕ್ಕಳಿಗೆ ಮರಾಠಿ ಹೇಳಿಕೊಡುತ್ತಿದ್ದಳು. ಅದನ್ನೇ ನೋಡಿ ಯಾವನೋ ಪುಣ್ಯಾತ್ಮ ಆಕೆಯ ಹೆಸರನ್ನು ಮುಂಬಯಿ ರಾಜ್ಯಕ್ಕೆ ಹೋಗುವ ನೌಕರರ ಪಟ್ಟಿಯಲ್ಲಿ ಬರೆದುಬಿಟ್ಟಿದ್ದ. ಗಂಡ ಮೈಸೂರು ರಾಜ್ಯದಲ್ಲಿ, ಹೆಂಡತಿ ಮುಂಬಯಿ ರಾಜ್ಯದಲ್ಲಿ! ತಕರಾರಿದ್ದವರು ಕನ್ನಡ ಕಲಿತ ದಾಖಲೆಯ ಸಮೇತ ಶನಿವಾರ ಸಂಜೆ ಐದರೊಳಗೆ ಬೀದರಿನ ಶಿಕ್ಷಣ ಇಲಾಖೆಯ ಕಚೇರಿಗೆ ಸ್ವತಃ ಹಾಜರಾಗಬೇಕು, ಇಲ್ಲವಾದರೆ ಪಟ್ಟಿಯೇ ಖಾಯಂ ಎಂದು ಕಾಗದ ಬಂತು. ಆ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ನನಗೆ ನನ್ನ ಹೆಂಡತಿ ನನ್ನ ಮನೆಯಲ್ಲಿ ಬೇಕಾಗಿತ್ತು. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ನಾನಿಟ್ಟ ಲೋಟ ಅಲ್ಲೇ ಇರುತ್ತಿತ್ತು. ಅದನ್ನು ಅಲ್ಲಿಂದ ತೆಗೆಯುವವರು ಯಾರೂ ಇಲ್ಲ ಎಂಬುದು ನಾಲ್ಕು ವರ್ಷದಲ್ಲಿ ನನ್ನನ್ನು ಬಹಳ ಹಣ್ಣುಮಾಡಿತ್ತು.

ಶುಕ್ರವಾರ ಕಾರು ತೆಗೆದುಕೊಂಡು ಔರಾದಿಗೆ ಹೋದೆ. ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ನೇರವಾಗಿ ಬೀದರಿಗೆ ಬರುವಂತಿರಲಿಲ್ಲ. ಸುಗುಣಾ ಚಿಕ್ಕಂದಿನಲ್ಲಿ ಕನ್ನಡ ಸಾಲೆಯಲ್ಲಿ ಪಾಸಾದ ಸರ್ಟಿಫಿಕೇಟು ಭಾಲ್ಕಿಯಲ್ಲಿ ಆಕೆಯ ಅಣ್ಣ ಪ್ರಭುದಾಸನ ಟ್ರಂಕಿನಲ್ಲಿತ್ತು. ಭಾಲ್ಕಿಗೆ ಹೋಗಿ ಅದನ್ನು ತೆಗೆದುಕೊಂಡು, ಅಲ್ಲಿಂದ ಬೀದರಿಗೆ ಹೋಗಬೇಕು. ಹನ್ನೊಂದಕ್ಕೆಲ್ಲ ಭಾಲ್ಕಿ ಮುಟ್ಟಿದೆವು. ಕಾರು ಒಂದು ಸಲವೂ ಕೆಮ್ಮಿರಲಿಲ್ಲ. ಈ ಮಾತನ್ನು ನೆನಪಿಡಿ, ಭಾಲ್ಕಿಗೆ ಹೋಗುವತನಕ ನನ್ನ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ.

ಪ್ರಭುದಾಸ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಿಂದ ಆಗುವಷ್ಟು ತೊಂದರೆ ಈ ಲೋಕದಲ್ಲಿ ಕೆಟ್ಟವರಿಂದ ಆಗುವುದಿಲ್ಲ. ಕೆಟ್ಟವನಿಗೆ ಕಪಾಳಕ್ಕೆ ಬಾರಿಸಬಹುದು, ಒಳ್ಳೆಯವನಿಗೆ ಏನು ಮಾಡುತ್ತೀರಿ? ಸರ್ಟಿಫಿಕೇಟು ಕೈಗೆ ಕೊಟ್ಟರೆ ಬಾಗಿಲಿಂದಲೇ ಹೊರಡುತ್ತೇವೆ ಎಂದೆ. "ಉಣ್ಣದ ಹ್ಯಾಂಗ ಹೋಗ್ತೀರಿ? ತಂಗಿ ಬರ್ತಾಳ ಅಂತ ಮುಂಜಾನಿಂದ ಕೋಳಿ ಬೇಯ್ಲಿಕ್ಕಿ ಇಟ್ಟೀನಿ" ಎಂದ. ಕೋಳಿ ಬೇಯುವ ತನಕ ಟ್ರಂಕು ತೆರೆಯಲಿಲ್ಲ. ಬೆಂದ ಮೇಲೆ ತಟ್ಟೆಯ ಮುಂದೆ ಕೂಡಿಸಿ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಮೊದಲು ಊಟಕ್ಕಾಗಿ ವಂದನೆ, ಅದು ನ್ಯಾಯ. ಆಮೇಲೆ ಹೊಸ ರಾಜ್ಯಕ್ಕಾಗಿ, ಹಳೆಯ ರಾಜ್ಯದಲ್ಲಿ ಉಳಿದವರಿಗಾಗಿ, ಪಕ್ಕದ ಮನೆಯ ಎಮ್ಮೆಗಾಗಿ, ಕೊನೆಗೆ ನನ್ನ ಕಾರಿನ ನಾಲ್ಕು ಗಾಲಿಗಳಿಗಾಗಿ ಪ್ರಾರ್ಥಿಸಿದ. ನಾನು ಒಂದು ಕಣ್ಣು ತೆರೆದು ಗೋಡೆಯ ಗಡಿಯಾರ ನೋಡುತ್ತಿದ್ದೆ. ಸುಗುಣಾ ಒಂದು ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದಳು. ಊಟ ಮುಗಿಸಿ ನಾನು ಕೈ ತೊಳೆಯುವಷ್ಟರಲ್ಲಿ ಪ್ರಭುದಾಸ ಎಲ್ಲೋ ಮಾಯವಾದ. ಅಂಗಳದಲ್ಲಿ ಸೇದೋ ಬಾವಿಯ ಗಡಗಡೆಯ ಸಪ್ಪಳ ಬಹಳ ಹೊತ್ತು ಕೇಳಿಸಿತು. ಒಳಗೆ ಬಂದವನ ಅಂಗಿ ಒದ್ದೆಯಾಗಿತ್ತು, ಮುಖದಲ್ಲಿ ಪುಣ್ಯ ಮಾಡಿದವನ ಕಳೆಯಿತ್ತು. ನಾನು ಏನೂ ಕೇಳಲಿಲ್ಲ, ಗಂಟೆ ಒಂದೂವರೆಯಾಗಿತ್ತು. ಸರ್ಟಿಫಿಕೇಟು ಕಸಿದುಕೊಂಡು ಹೊರಟೆ.

ನಾಲ್ಕು ಮೈಲಿ ಹೋಗುವುದರಲ್ಲಿ ಕಾರಿನ ಮೂತಿಯಿಂದ ಹೊಗೆ ಬಂತು. ಹೊಗೆಯಲ್ಲ, ಹಬೆ. ರೇಡಿಯೇಟರು ಅಕ್ಕಿ ಬೇಯಲಿಟ್ಟ ಪಾತ್ರೆಯಂತೆ ಗುಳುಗುಳು ಎಂದು ಕುದಿಯುತ್ತಿತ್ತು. ನಿಲ್ಲಿಸಿದೆ. ನೀರು ಕಡಿಮೆಯಾಗಿರಬೇಕೆಂದು ಮುಚ್ಚಳಕ್ಕೆ ಕೈ ಹಾಕಿದವನನ್ನು ಸುಗುಣಾ ಹಿಡಿದೆಳೆದಳು. ಇಲ್ಲದಿದ್ದರೆ ಈ ಮುಖ ಹೋಗಿ ಬೇರೆ ಮುಖ ಬರುತ್ತಿತ್ತು. ಸ್ವಲ್ಪ ತಣ್ಣಗಾದ ಮೇಲೆ ಬಟ್ಟೆ ಹಾಕಿ ತೆಗೆದು ನೋಡಿದರೆ, ಒಳಗೆ ನೀರು ಕಂಠಮಟ ಇದೆ! ನೀರಿದ್ದೂ ಕುದಿಯುತ್ತದೆ ಎಂದರೆ ಏನು ಅರ್ಥ? ನನ್ನ ಪಿತ್ತ ನೆತ್ತಿಗೇರಿತು. ಮುಂದಿನ ಗಾಲಿಗೆ ಜೋರಾಗಿ ಒದ್ದೆ. ಗಾಲಿಗೆ ಏನೂ ಆಗಲಿಲ್ಲ, ನನ್ನ ಹೆಬ್ಬೆರಳು ಬೂಟಿನೊಳಗೇ ಬಾತುಕೊಂಡಿತು.

ಅಷ್ಟರಲ್ಲಿ ಜನ ಬಂದರು. ನಮ್ಮ ಕಡೆ ನಡುದಾರಿಯಲ್ಲಿ ಕಾರು ನಿಂತರೆ ಜನ ಎಲ್ಲಿಂದ ಬರುತ್ತಾರೋ ತಿಳಿಯದು. ನಿಮಿಷದ ಹಿಂದೆ ಬರೀ ಜೋಳದ ಹೊಲ, ನಿಮಿಷದ ನಂತರ ಹತ್ತು ಜನ. ಬಂದವರು ಬರಿಗೈಯಲ್ಲಿ ಬರುವುದಿಲ್ಲ, ನೀರು ತರುತ್ತಾರೆ. ದಾರಿಯಲ್ಲಿ ಹೋಗುವವರಿಗೆ ನೀರು ಕೇಳದೆ ಕೊಡಬೇಕು, ಬೇಡ ಎಂದರೂ ಕೊಡಬೇಕು ಎಂಬುದು ನಮ್ಮ ಜಿಲ್ಲೆಯ ಕಾಯಿದೆ. ಒಬ್ಬ ಮುದುಕಿ ತಲೆಯ ಮೇಲಿನ ಕೊಡ ಇಳಿಸಿ, "ತಗೋ ಅಪ್ಪಾ, ನಿನ್ನ ಗಾಡಿಗಿ ನೀರಡಿಕಿ ಆಗ್ಯಾದ" ಎಂದು ನನ್ನನ್ನು ಕೇಳದೆಯೇ ಇಡೀ ಕೊಡವನ್ನು ಭಸಭಸ ಬಗ್ಗಿಸಿಬಿಟ್ಟಳು. ನೀರು ತುಂಬಿ ನನ್ನ ಪ್ಯಾಂಟಿನ ಮೇಲೆ ಹರಿಯಿತು. ಇಂಜಿನ್ ಶುರುಮಾಡಿ ಒಂದು ಮೈಲಿ ಹೋದೆ. ಮತ್ತೆ ಕುದಿಯಿತು. ಮತ್ತೆ ಜನ, ಮತ್ತೆ ಕೊಡ. ಮೂರನೆಯ ಸಲ ನಿಂತದ್ದು ದಾರಿಯ ಊರಾದ ಹಲಬರ್ಗಾ ಇನ್ನೂ ದೂರವಿದ್ದಾಗ, ಒಂದು ಏರಿನ ಬುಡದಲ್ಲಿ. ಗಂಟೆ ಎರಡೂವರೆ ದಾಟಿತ್ತು. ನೋಡಿದರೆ ಅದೇ ಮುದುಕಿ, ತುಂಬಿದ ಕೊಡ ಹೊತ್ತು, ಏದುಸಿರು ಬಿಡುತ್ತ ಅಷ್ಟು ದೂರದಿಂದ ನಡೆದು ಬರುತ್ತಿದ್ದಾಳೆ!

ನಾನು ಕಿರುಚಿಕೊಂಡೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. "ಸಾಕು ಮಾಡ್ರಿ ನಿಮ್ಮ ನೀರು! ನೀರಾಗ ಮುಳುಗಿಸಿ ಕೊಲ್ಲಬೇಕಂತ ಮಾಡೀರೇನು? ಒಬ್ಬರಿಗೂ ಅಕಲ್ ಇಲ್ಲ! ಇನ್ನೊಂದು ಹನಿ ಯಾರೇ ಹಾಕಿದ್ರೂ ಕೊಡ ಒಡೀತೇನಿ!" ಎಂದದ್ದು ನೆನಪಿದೆ. ಮುದುಕಿ ಕೊಡವನ್ನು ಹಾಗೆಯೇ ಹಿಡಿದು ನಿಂತಳು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಸುಗುಣಾ ಕಾರಿನಿಂದ ಇಳಿದು ಹೋಗಿ ಮುದುಕಿಯ ಕೈಯಿಂದ ಕೊಡ ತೆಗೆದುಕೊಂಡಳು. ಬೊಗಸೆಯೊಡ್ಡಿ ಅದರಿಂದ ತಾನು ಕುಡಿದಳು. "ಮಾಫ್ ಮಾಡ್ರಿ ಆಯಿ. ಅವರ ಮನಸು ಛಲೋ ಅದ, ಇವತ್ತು ಜರಾ ಪರೇಶಾನ್ ಆಗ್ಯಾರ. ನಿಮ್ಮ ನೀರು ಭಾಳ ಸಿಹಿ ಅದ ನೋಡ್ರಿ" ಎಂದಳು. ಮುದುಕಿ ನನ್ನ ಕಡೆ ನೋಡಿ, ಸುಗುಣಾಳ ಕಡೆ ನೋಡಿ, "ಪಾಪ, ನೀ ಹ್ಯಾಂಗ ಬಾಳ್ವಿ ಮಾಡ್ತಿಯವ್ವಾ" ಎಂದಳು. ಆ ಮಾತಿಗೂ ನನಗೆ ಸಿಟ್ಟು ಬಂತು. ಬಾಳುವೆ ಮಾಡುವುದಕ್ಕೆಂದೇ ಅಲ್ಲವೇ ನಾನು ಬೀದರಿಗೆ ಓಡುತ್ತಿದ್ದುದು?

"ನೀರು ಕಮ್ಮಿ ಆಗಿಲ್ರಿ. ಹವಾ ಸಿಕ್ಕೊಂಡದ" ಎಂದಳು ಸುಗುಣಾ, ನನ್ನ ಬಳಿ ಬಂದು.

"ಹವಾ ಅಂತ, ಹವಾ! ನಿನಗೇನು ಗೊತ್ತು?"

"ಉಸ್ತಾದರು ಹೇಳಿದ್ದರಲ್ರಿ. ಆವಾಗ ನೀವು ಅವರ ಜೋಡಿ ಜಗಳಾಡ್ಲಿಕ್ಕಿ ಹತ್ತಿದ್ರಿ. ನಾ ಕೇಳ್ಕೋತ ನಿಂತಿದ್ದಿ."

ಇಲ್ಲಿ ಉಸ್ತಾದರ ಮಾತು ಹೇಳಬೇಕು. ಬೀದರಿನಲ್ಲಿ ನನ್ನ ಕಾರು ರಿಪೇರಿ ಮಾಡುತ್ತಿದ್ದ ಮುದುಕರು. ಹಿಂದಿನ ಬೇಸಿಗೆಯ ರಜೆಯಲ್ಲಿ ಸುಗುಣಾ ಬಂದಿದ್ದಾಗ ಕಾರಿನ ನೀರಿನ ಪೈಪು ಹೊಸದು ಹಾಕಿಸಲು ಇಬ್ಬರೂ ಹೋಗಿದ್ದೆವು. ಪೈಪು ಹಾಕಿ ನೀರು ತುಂಬಿದ ಉಸ್ತಾದರು, ಇನ್ನೇನು ಕೊಡುತ್ತಾರೆ ಎನ್ನುವಾಗ, ಕಾರಿನ ಮೂತಿಯನ್ನು ದಿಬ್ಬದ ಕಡೆ ಮಾಡಿ ನಿಲ್ಲಿಸಿ, ಮುಚ್ಚಳ ತೆರೆದಿಟ್ಟು, ಇಂಜಿನ್ ಸಣ್ಣಗೆ ಓಡಲು ಬಿಟ್ಟು, ಸ್ಟೂಲಿನ ಮೇಲೆ ಕುಳಿತು ಬೀಡಿ ಹಚ್ಚಿದರು. ಅರ್ಧ ಗಂಟೆ ಕೂತರು. ನಡುನಡುವೆ ಎದ್ದು ಪೈಪನ್ನು ಮೆತ್ತಗೆ ಹಿಸುಕಿ ಬಂದು ಮತ್ತೆ ಕೂತರು. ನನ್ನ ಹೊತ್ತು ಹಾಳುಮಾಡುತ್ತಿದ್ದಾರೆಂದು ನಾನು ರೇಗಾಡಿದೆ. ಅವರು ನನ್ನನ್ನು ಬಿಟ್ಟು ಸುಗುಣಾಳಿಗೆ ಹೇಳಿದರಂತೆ: "ಬೇಟಿ, ನೀರು ಖಾಲಿ ಮಾಡಿ ತುಂಬಿದರ ಇಂಜಿನ್ನಿನ ತಲಿಯೊಳಗ ಹವಾ ಕುಂತಿರ್ತದ. ಮ್ಯಾಲಿಂದ ನೋಡಿದರ ತುಂಬಿದಂಗ ಕಾಣ್ತದ, ಒಳಗ ತಲಿ ಒಣಗಿರ್ತದ. ಆ ಹವಾ ತಾನಾಗೇ ಮ್ಯಾಲ ಬರಬೇಕು. ಜಬರ್ದಸ್ತಿ ಮಾಡಿದರ ಬರಂಗಿಲ್ಲ." ಇದನ್ನೆಲ್ಲ ನಾನು ಕೇಳಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ನಾನೇ ಮಾತಾಡುತ್ತಿದ್ದೆ.

"ಖಾಲಿ ಮಾಡಿ ತುಂಬಿದವರು ಯಾರು?" ಎಂದೆ. ಸುಗುಣಾ ಮುಚ್ಚಳ ಒರೆಸುತ್ತ, "ಅಣ್ಣ ಬಾಸಿ ನೀರು ಚೆಲ್ಲಿದನಂತ್ರಿ" ಎಂದಳು.

ಬಾಸಿ ನೀರು ಎಂದರೆ ನಿನ್ನೆಯ ನೀರು. ನಮ್ಮ ಮನೆಗಳಲ್ಲಿ ಬೆಳಗಾದೊಡನೆ ಕೊಡದಲ್ಲಿ ಉಳಿದ ನೀರನ್ನು ಗಿಡಕ್ಕೆ ಚೆಲ್ಲಿ, ಕೊಡ ಬೆಳಗಿ, ಹೊಸ ನೀರು ತುಂಬುತ್ತಾರೆ. ಅತಿಥಿಗಂತೂ ಬಾಸಿ ನೀರು ಕೊಟ್ಟರೆ ಮನೆತನದ ಮರ್ಯಾದೆಯೇ ಹೋಯಿತು. ಪ್ರಭುದಾಸ ನಮ್ಮ ಕಾರಿನ ಮುಚ್ಚಳ ತೆರೆದು ನೋಡಿದ್ದಾನೆ. ತುಕ್ಕು ಬೆರೆತ ಕೆಂಪು ನೀರು ಕಂಡಿದೆ. ತಂಗಿಯ ಗಂಡನ ಕಾರಿಗೆ ಎಷ್ಟು ದಿನದ ಬಾಸಿ ನೀರೋ ಏನೋ ಎಂದು ಮರುಗಿದ್ದಾನೆ. ಕೆಳಗಿನ ತೋಟಿ, ಅಂದರೆ ನೀರು ಬಿಡುವ ನಲ್ಲಿ, ತಿರುಗಿಸಿ ಇದ್ದ ನೀರನ್ನೆಲ್ಲ ಬಿಟ್ಟು, ಬಾವಿಯಿಂದ ಸೇದಿ ಸೇದಿ, ಬಟ್ಟೆಯಲ್ಲಿ ಸೋಸಿ, ಕೊಡಗಟ್ಟಲೆ ತಣ್ಣೀರು ಸುರಿದಿದ್ದಾನೆ. ಹೊರಡುವಾಗ ತಂಗಿಯ ಕಿವಿಯಲ್ಲಿ "ಗಾಡಿಗಿ ತಾಜಾ ನೀರು ಹಾಕೀನಿ, ನಿಮ್ಮವರಿಗಿ ಹೇಳಬ್ಯಾಡ, ಸಂಕೋಚ ಮಾಡ್ಕೋತಾರ" ಎಂದೂ ಹೇಳಿದ್ದಾನೆ. ಸಂಕೋಚ! ನಾನು ಆ ಕ್ಷಣವೇ ಭಾಲ್ಕಿಗೆ ನಡೆದುಕೊಂಡು ಹೋಗಿ ಅವನ ಕುತ್ತಿಗೆ ಹಿಚುಕಿ ಬರುತ್ತಿದ್ದೆ, ಹೆಬ್ಬೆರಳು ಬಾತಿತ್ತು. "ಮೂರ್ಖ, ಶತಮೂರ್ಖ, ನಿಮ್ಮ ಇಡೀ ಖಾನದಾನವೇ ಹಿಂಗ" ಎಂದು ಶುರುಮಾಡಿ ಅವರ ಅಜ್ಜನವರೆಗೆ ಹೋದೆ. ಸುಗುಣಾ ತಲೆ ತಗ್ಗಿಸಿ ಕೇಳಿದಳು. ಅಜ್ಜನನ್ನು ದಾಟಿ ಮೇಲೆ ಹೋಗಲು ನನಗೆ ಹೆಸರುಗಳು ಗೊತ್ತಿರಲಿಲ್ಲ.

"ಆತೇನ್ರಿ?" ಎಂದಳು. "ಆಗಿದ್ರ ಆ ಮರದ ಬುಡಕ ಹೋಗಿ ಕುಂಡ್ರಿ. ಹವಾ ನಾ ತೆಗೀತೇನಿ. ನೀವು ಇಲ್ಲಿದ್ರ ಅದು ಆಗಂಗಿಲ್ಲ."

ಇನ್ನೊಬ್ಬರ ಮುಂದೆ ಹಾಗೆ ಹೇಳಿಸಿಕೊಂಡದ್ದು ನನಗೆ ಬಹಳ ಅವಮಾನವಾಯಿತು. ಆದರೂ ಹೋಗಿ ಬೇವಿನ ಮರದ ಕೆಳಗೆ ಕುಳಿತು ಬೂಟು ಬಿಚ್ಚಿದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಆಕೆ ಜನರಿಗೆ ಹೇಳಿ ಕಾರನ್ನು ಏರಿನ ಮೇಲೆ ಮೂತಿ ಮೇಲಾಗುವಂತೆ ನೂಕಿಸಿದಳು. ಹಿಂದಿನ ಗಾಲಿಗೆ ಕಲ್ಲು ಕೊಡಿಸಿದಳು. ಇಂಜಿನ್ ಪೂರ್ತಿ ಆರುವತನಕ ಮುದುಕಿಯ ಜೊತೆ ಮಾತಾಡುತ್ತ ನಿಂತಳು. ಮುದುಕಿಯ ಮಗಳನ್ನು ಔರಾದಿನ ಕಡೆಯ ಡಾಬಕಾ ಊರಿಗೆ ಕೊಟ್ಟಿದ್ದಾರಂತೆ, ಆ ಮಗಳು ಇವಳಿಗೆ ಗೊತ್ತಂತೆ, ನಗುವೋ ನಗು. ನಾನು ಮರದ ಕೆಳಗಿಂದ ಗಡಿಯಾರ ನೋಡಿ ನೋಡಿ ಹಲ್ಲು ಕಡಿದೆ. ಆಮೇಲೆ ಮುಚ್ಚಳ ತೆಗೆದಿಟ್ಟು ಇಂಜಿನ್ ಸಣ್ಣಗೆ ಶುರುಮಾಡಿ, ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡು ರಬ್ಬರಿನ ಪೈಪನ್ನು ಹಿಸುಕತೊಡಗಿದಳು. ಹಿಸುಕುವುದು, ಬಿಡುವುದು, ಕಾಯುವುದು. ಒಳಗಿನಿಂದ ಗುಳಕ್ ಎಂದು ಒಂದು ದೊಡ್ಡ ಗುಳ್ಳೆ ಬಂತು. ನಿಂತವರೆಲ್ಲ "ಬಂತ ಬಂತ" ಎಂದರು. ತುಂಬಿದ್ದ ನೀರು ಸರ್ರನೆ ಒಂದು ಗೇಣು ಕೆಳಗಿಳಿಯಿತು. ಮುದುಕಿ ಕೊಡ ಎತ್ತಿದಳು. ಸುಗುಣಾ ಆಕೆಯ ಕೈ ಹಿಡಿದು, "ಹಂಗಲ್ಲ ಆಯಿ, ಎಣ್ಣಿ ಹೊಯ್ದಂಗ, ಸಣ್ಣ ಧಾರಿ" ಎಂದಳು. ಮುದುಕಿ ದೀಪಕ್ಕೆ ಎಣ್ಣೆ ಹಾಕುವಂತೆ ಹಾಕಿದಳು. ಮತ್ತೆ ಹಿಸುಕುವುದು, ಮತ್ತೆ ಗುಳ್ಳೆ, ಮತ್ತೆ ಧಾರೆ. ನಾನಾಗಿದ್ದರೆ ಐದು ನಿಮಿಷಕ್ಕೆ ಪೈಪು ಕಿತ್ತು ಹೊಲಕ್ಕೆ ಒಗೆಯುತ್ತಿದ್ದೆ. ಗುಳ್ಳೆಗಳು ಸಣ್ಣವಾದವು, ಆಮೇಲೆ ನಿಂತೇಹೋದವು. ಮುಚ್ಚಳ ಹಾಕಿ ಆಕೆ ನನ್ನ ಕಡೆ ಕೈ ಬೀಸಿದಾಗ ಗಂಟೆ ಮೂರೂಮುಕ್ಕಾಲು.

ಬೂಟು ಕಾಲಿಗೆ ಹತ್ತಲಿಲ್ಲ. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಹಾಗೆಯೇ ಕಾರು ಓಡಿಸಿದೆ. ಕಾರು ಹೊಸ ಹುಟ್ಟು ಪಡೆದಂತೆ ಓಡಿತು. ಬೀದರಿನ ಕಚೇರಿಯ ಮುಂದೆ ನಿಲ್ಲಿಸಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಆ ಮೆಟ್ಟಿಲು ಹತ್ತುವಾಗ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಈ ಭಾನುವಾರವೇ ಆಕೆಯ ಟ್ರಂಕು ತಂದುಬಿಡುವುದು, ಅಡುಗೆಮನೆಗೆ ಸುಣ್ಣ ಹೊಡೆಸುವುದು, ಎಲ್ಲ ಮನಸ್ಸಿನಲ್ಲೇ ಠರಾಯಿಸಿದೆ.

ಅಧಿಕಾರಿಗಳು ಮೈಸೂರಿನ ಕಡೆಯವರು, ಹೊಸದಾಗಿ ಬಂದವರು. ಹತ್ತಿಯ ಮೇಲೆ ಹೆಜ್ಜೆಯಿಟ್ಟ ಹಾಗೆ ಮಾತಾಡುತ್ತಿದ್ದರು. "ಕೂತ್ಕೊಳ್ಳಿ ತಾಯಿ, ನೀರು ಬೇಕಾ?" ಎಂದರು. ನೀರು ಎಂಬ ಮಾತಿಗೇ ನನ್ನ ಮೈ ಉರಿಯಿತು, ತಡೆದುಕೊಂಡೆ. ಸರ್ಟಿಫಿಕೇಟು ನೋಡಿದರು. ಒಂದು ಪುಸ್ತಕ ಕೊಟ್ಟು ಓದಿಸಿದರು, ನಾಲ್ಕು ಸಾಲು ಬರೆಸಿದರು. "ಎಷ್ಟು ಮುದ್ದಾದ ಅಕ್ಷರ! ನಿಮ್ಮನ್ನ ಆ ಪಟ್ಟಿಗೆ ಹಾಕಿದೋರು ಯಾರು?" ಎಂದು ಕೆಂಪು ಶಾಯಿಯಲ್ಲಿ ಆಕೆಯ ಹೆಸರನ್ನು ಮುಂಬಯಿಯ ಪಟ್ಟಿಯಿಂದ ಹೊಡೆದುಹಾಕಿದರು. ನಾನು ಉಸಿರು ಬಿಟ್ಟೆ. ಅವರು ಇನ್ನೊಂದು ಕಾಗದ ಎಳೆದುಕೊಂಡು, "ಬೀದರಲ್ಲೂ ಜಾಗ ಖಾಲಿ ಇದೆ, ಭಾಲ್ಕಿಲೂ ಇದೆ. ಈಗಿರೋ ಔರಾದಲ್ಲೇ ಇರ್ತೀನಿ ಅಂದ್ರೂ ಸರಿ. ನಿಮಗೆ ಎಲ್ಲಿರೋಕೆ ಇಷ್ಟ ತಾಯಿ?" ಎಂದು ಕೇಳಿದರು.

ಅದೇ ಹೊತ್ತಿಗೆ ನಾನು ಕಿಟಕಿಯ ಹೊರಗೆ ನೋಡಿದೆ. ಕಚೇರಿಯ ಜವಾನ, ಬಡಪಾಯಿ, ದೂರದಿಂದ ಬಂದ ಗಾಡಿ ಎಂದು ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ನನ್ನ ಕಾರಿನ ಮುಂದೆ ಬಗ್ಗಿದ್ದಾನೆ. ಕೈ ಕೆಳಗಿನ ತೋಟಿಯ ಮೇಲಿದೆ!

"ಏ ಬದ್ಮಾಶ್! ಕೈ ತೆಗಿ! ಕೈ ಮುರೀತೇನಿ ನಿಂದು! ತೋಟಿ ಮುಟ್ಟಿದ್ರ ನಿನ್ನ ಇಲ್ಲೇ ಹುಗೀತೇನಿ, ಹೆಂಡರು ಮಕ್ಕಳಿಗಿ ಹೆಣ ಸಿಗಂಗಿಲ್ಲ!" ಎಂದು ಕಿಟಕಿಯ ಸರಳು ಹಿಡಿದು ಕೂಗಿದೆ. ಇನ್ನೂ ಬಹಳ ಅಂದೆ, ಅದೆಲ್ಲ ಬರೆಯುವಂಥದಲ್ಲ. ಜವಾನನ ಕೈಯಿಂದ ಬಕೆಟ್ಟು ಬಿತ್ತು. ಪಕ್ಕದ ಕೋಣೆಯಲ್ಲಿ ಟೈಪ್ ಹೊಡೆಯುತ್ತಿದ್ದ ಸಪ್ಪಳ ನಿಂತಿತು. ಕಾರು ಉಳಿಯಿತೆಂಬ ಸಮಾಧಾನದಿಂದ ನಾನು ತಿರುಗಿದೆ. ಅಧಿಕಾರಿಗಳು ಲೇಖನಿ ಎತ್ತಿಕೊಂಡು ನನ್ನ ಬರಿಗಾಲನ್ನೇ ನೋಡುತ್ತಿದ್ದರು. ಸುಗುಣಾ ಮೇಜನ್ನು ನೋಡುತ್ತ, "ಔರಾದೇ ಇರ್ಲಿ ರೀ ಸಾಹೇಬ್ರ" ಎಂದಳು.

 ಅಧಿಕಾರಿಗಳು ಯಾಕೆ ಎಂದು ಕೇಳಲಿಲ್ಲ. ಆ ಕಾಗದದಲ್ಲಿ ಕಾರಣ ಎಂಬ ಒಂದು ಕಾಲಂ ಇತ್ತು. ಅದರಲ್ಲಿ ಅವರೇ ಏನೋ ಬರೆದರು. ನನ್ನ ಹೊಸ ಕನ್ನಡದಲ್ಲಿ, ತಲೆಕೆಳಗಾಗಿ, ಅಕ್ಷರ ಕೂಡಿಸಿ ಕೂಡಿಸಿ ಓದಿದೆ: "ಖುದ್ದು ಕಂಡಿದ್ದೇನೆ."

ಹೊರಗೆ ಬಂದವಳು ಮೊದಲು ಜವಾನನ ಹತ್ತಿರ ಹೋಗಿ ಕೈ ಮುಗಿದಳು. ಆಮೇಲೆ ಕಾರಿನಲ್ಲಿ ಬಂದು ಕುಳಿತಳು. "ಯಾಕ?" ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಆಕೆ ಸೆರಗಿನ ತುದಿಯ ಗ್ರೀಸ್ ಕಲೆ ತಿಕ್ಕುತ್ತಿದ್ದಳು.

"ನೀವು ಕೆಟ್ಟವರಲ್ರಿ" ಎಂದಳು. "ನಾ ಬೀದರಿಗಿ ಬರಬೇಕಂತೇ ಮನಿ ಬಿಟ್ಟಿದ್ದಿ. ಖರೆ ಹೇಳ್ತೇನಿ. ಆದ್ರ ನಿಮ್ಮ ಜೋಡಿ ಇದ್ರ ದಿನಾ ಯಾರದಾರ ಮಾಫಿ ಕೇಳ್ಕೋತ ಇರಬೇಕಾಗ್ತದ. ಔರಾದನ್ಯಾಗ ನಾ ಯಾರಿಗೂ ಮಾಫಿ ಕೇಳಂಗಿಲ್ಲ. ನನಗ ಅದು ರೂಢಿ ಆಗ್ಯಾದ."

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಕಾರು ಶುರುಮಾಡಿ ಮನೆಯ ಕಡೆ ತಿರುಗಿಸಿದೆ.

ಭಾನುವಾರ ಚರ್ಚು ಮುಗಿಸಿ ಆಕೆಯನ್ನು ಔರಾದಿಗೆ ಬಿಡಲು ಹೋದೆ. ನೇರ ದಾರಿಯಲ್ಲೇ ಹೋದೆವು. ಕಾರು ಕುದಿಯಲಿಲ್ಲ, ಪಂಕ್ಚರ್ ಆಗಲಿಲ್ಲ, ಒಂದು ಎಮ್ಮೆಯೂ ಅಡ್ಡ ಬರಲಿಲ್ಲ. ನಾಲಿಗೆ ತೋರಿಸುವವರೂ ಇರಲಿಲ್ಲ. ಬೈಯುವುದಕ್ಕೆ ಒಬ್ಬರಾದರೂ ಸಿಗಲೆಂದು ದಾರಿಯುದ್ದಕ್ಕೂ ಎರಡೂ ಕಡೆ ನೋಡುತ್ತ ಹೋದೆ. ನಾನು ಒಂದು ಮಾತೂ ಆಡಲಿಲ್ಲ. ಇನ್ನು ಮೇಲೆ ಹೀಗೆಯೇ ಇರುತ್ತೇನೆ, ಆರು ತಿಂಗಳು ಬಾಯಿಗೆ ಬೀಗ ಹಾಕುತ್ತೇನೆ, ಆಮೇಲೆ ಆಕೆಯೇ ಅರ್ಜಿ ಬರೆಯುತ್ತಾಳೆ ಎಂದು ಲೆಕ್ಕ ಹಾಕಿದೆ. ಔರಾದಿನಲ್ಲಿ ಆಕೆಯ ಮನೆಯ ಮುಂದೆ ಕಾರು ನಿಲ್ಲಿಸಿ ಆಕೆಯ ಕೈಚೀಲ ಇಳಿಸಿಕೊಟ್ಟೆ. ಬೀಗ ತೆಗೆಯುತ್ತಿದ್ದವಳು ತಿರುಗಿ ನನ್ನ ಮುಖ ನೋಡಿದಳು. ಆಕೆಯ ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

"ದಾರ್ಯಾಗ ಒಂದು ಮಾತೂ ಆಡಲಿಲ್ರಿ" ಎಂದಳು. "ನನ್ನ ಮ್ಯಾಲ ಸಿಟ್ಟು ಬಂದದೇನು?"

"ಇಲ್ಲ!" ಎಂದೆ.

ಪಕ್ಕದ ಮನೆಯ ಮುಂದೆ ಬೇಳೆ ಆರಿಸುತ್ತಿದ್ದ ಹೆಂಗಸು ಬೆಚ್ಚಿ ಮೊರ ಕೈಬಿಟ್ಟಳು. ಬೇಳೆಯೆಲ್ಲ ಅಂಗಳದ ತುಂಬ ಹರಡಿತು. ಸುಗುಣಾ ಕೀಲಿಕೈ ಬಾಗಿಲಲ್ಲೇ ಬಿಟ್ಟು ಆ ಕಡೆ ಓಡಿ, ಕುಕ್ಕರಗಾಲಲ್ಲಿ ಕುಳಿತು ಬೇಳೆ ಬಳಿಯತೊಡಗಿದಳು. "ಮಾಫ್ ಮಾಡ್ರಿ ಬಾಯಿ" ಎನ್ನುತ್ತಿದ್ದಳು, "ಏನಿಲ್ಲ, ನಮ್ಮ ಮನಿಯವರು ಊರಿಗಿ ಹೊಂಟಾರ."